ಗೋಡೆಯ ಹಿಂದೆ ಸೇರಿಹೋದ ಧ್ವನಿಮುದ್ರಿಕೆ

ಹಳೆಯ ಎಲ್.ಪಿ. ತಟ್ಟೆಗಳಿಗೆ ಮತ್ತೆ ಬೆಲೆ ಬಂದಿರುವ ಈ ದಿನಗಳಲ್ಲಿ ಎರಡು ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಮೊದಲನೆಯದು, "ಡಿಜಿಟಲ್ ಬಂತು, ಸಂಗೀತ ಸತ್ತಿತು" ಎಂಬುದು. ಎರಡನೆಯದು, "ಕೃತಿ ಯಾರದೋ ಅವರೇ ಅದನ್ನು ತಿದ್ದಿದರೆ ಕೇಳುವುದಕ್ಕೆ ನಾವು ಯಾರು?" ಎಂಬುದು. ಮೊದಲನೆಯದನ್ನು ಆಡುವವರು ತಮ್ಮನ್ನು ರಸಿಕರೆಂದು ತಿಳಿದುಕೊಂಡಿದ್ದಾರೆ. ಎರಡನೆಯದನ್ನು ಆಡುವವರು ತಮ್ಮನ್ನು ಉದಾರಿಗಳೆಂದು ತಿಳಿದುಕೊಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಈ ಎರಡೂ ಮಾತುಗಳು ತಪ್ಪು. ಅಷ್ಟೇ ಅಲ್ಲ, ಎರಡೂ ಸೇರಿ ನಿಜವಾದ ಅಪರಾಧವನ್ನು ಮರೆಮಾಚುತ್ತವೆ. ಇದನ್ನು ತೋರಿಸಿಕೊಡಲು ನನಗೆ ಒಂದೇ ಒಂದು ಧ್ವನಿಮುದ್ರಿಕೆಯ ಕಥೆ ಸಾಕು. ಓದುಗ ಮಿತ್ರರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಆ ಧ್ವನಿಮುದ್ರಿಕೆಯ ಹೆಸರು 'ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಷನ್'. 1976ರಲ್ಲಿ ಹೊರಬಂದದ್ದು. ಇಂಗ್ಲೆಂಡಿನ 'ದ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್' ಎಂಬ ತಂಡದ ಚೊಚ್ಚಲ ಕೃತಿ. ಅರವತ್ತರ ದಶಕದ ಕೊನೆಯಲ್ಲಿ ಅಲ್ಲಿನ ರಾಕ್ ಸಂಗೀತಗಾರರಲ್ಲಿ ಕೆಲವರು ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆದು, ವಾದ್ಯವೃಂದವನ್ನೂ ಸಾಹಿತ್ಯವನ್ನೂ ದೀರ್ಘವಾದ ರಚನೆಗಳನ್ನೂ ತಮ್ಮ ಸಂಗೀತದೊಳಕ್ಕೆ ತಂದುಕೊಂಡರು. ಪ್ರೊಗ್ರೆಸಿವ್ ರಾಕ್ ಎಂದು ಹೆಸರಾದ ಆ ಪರಂಪರೆಯ ಕೃತಿ ಇದು. ಇದರ ವಸ್ತು ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋನ ಕಥೆ ಮತ್ತು ಕವಿತೆಗಳು. 'ದ ರೇವನ್', 'ದ ಟೆಲ್-ಟೇಲ್ ಹಾರ್ಟ್', 'ದ ಕಾಸ್ಕ್ ಆಫ್ ಅಮಾಂಟಿಲಾಡೊ' ಇವೆಲ್ಲ ಮೊದಲ ಮಗ್ಗುಲಿನಲ್ಲಿವೆ. ಎರಡನೆಯ ಮಗ್ಗುಲಿನ ಬಹುಭಾಗವನ್ನು 'ದ ಫಾಲ್ ಆಫ್ ದ ಹೌಸ್ ಆಫ್ ಅಷರ್' ಎಂಬ ಐದು ಭಾಗಗಳ ವಾದ್ಯರಚನೆ ಆಕ್ರಮಿಸಿಕೊಂಡಿದೆ.

ಅಲನ್ ಪಾರ್ಸನ್ಸ್ ಮೂಲತಃ ಗಾಯಕನಲ್ಲ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಎಂಜಿನಿಯರ್. ಬೀಟಲ್ಸ್ ತಂಡದ 'ಅಬ್ಬೆ ರೋಡ್' ಮುದ್ರಣದ ಕಾಲದಲ್ಲಿ ಸಹಾಯಕನಾಗಿದ್ದವನು. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಕೃತಿಯ ಎಂಜಿನಿಯರ್. ಅವನ ಜೊತೆಗಾರ ಎರಿಕ್ ವುಲ್ಫ್‌ಸನ್ ಗೀತರಚನೆಕಾರ. ವಾದ್ಯವೃಂದದ ಸಂಯೋಜನೆ ಆಂಡ್ರ್ಯೂ ಪವೆಲ್ಲನದು. ಹಾಡುವವರು ಹಾಡಿಗೊಬ್ಬರಂತೆ ಬಂದು ಹೋಗುತ್ತಾರೆ: ಜಾನ್ ಮೈಲ್ಸ್, ಆರ್ಥರ್ ಬ್ರೌನ್, ಟೆರಿ ಸಿಲ್ವೆಸ್ಟರ್. ಜೆಫಿರೆಲ್ಲಿಯ 1968ರ ಚಲನಚಿತ್ರದಲ್ಲಿ ರೋಮಿಯೋ ಆಗಿದ್ದ ಲಿಯೊನಾರ್ಡ್ ವೈಟಿಂಗ್ 'ದ ರೇವನ್' ಹಾಡಿದ್ದಾನೆ. ಆ ಹಾಡಿನ ಆರಂಭದಲ್ಲಿ ಮಾತ್ರ ಪಾರ್ಸನ್ಸನ ದನಿಯೇ ಇದೆ, ಅದೂ ವೊಕೋಡರ್ ಎಂಬ ಉಪಕರಣದ ಮೂಲಕ ಹಾದು ಮನುಷ್ಯನದೋ ಯಂತ್ರದ್ದೋ ತಿಳಿಯದಂತಾಗಿ ಕೇಳಿಬರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನದಲ್ಲಿಡಬೇಕು. ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ಈ 'ಪ್ರಾಜೆಕ್ಟ್' ವೇದಿಕೆಯ ಮೇಲೆ ನುಡಿಸಲೆಂದು ಕೂಡಿದ ತಂಡವಲ್ಲ. ಸ್ಟುಡಿಯೋದಲ್ಲಿ ಹುಟ್ಟಿ ಸ್ಟುಡಿಯೋದಲ್ಲಿಯೇ ಬೆಳೆದದ್ದು. ನಮ್ಮಲ್ಲಿ ಒಂದು ಕೀರ್ತನೆ ನೂರು ಕಂಠಗಳಲ್ಲಿ ನೂರು ಬಗೆಯಾಗಿ ಬಾಳುತ್ತದೆ. ಒಬ್ಬ ವಿದ್ವಾಂಸರ ಒಂದು ಮುದ್ರಣ ಕಳೆದುಹೋದರೂ ಕೀರ್ತನೆ ಕಳೆಯುವುದಿಲ್ಲ. ಇಲ್ಲಿ ಹಾಗಲ್ಲ. ಯಾವ ವಾದ್ಯ ಎಷ್ಟು ಹತ್ತಿರದಿಂದ ಕೇಳಬೇಕು, ಯಾವ ದನಿ ಎಷ್ಟು ದೂರದಿಂದ ಬರಬೇಕು, ಯಾವುದರ ಹಿಂದೆ ಎಷ್ಟು ಮೌನವಿರಬೇಕು ಎಂಬ ನಿರ್ಣಯಗಳೇ, ಅಂದರೆ ಎಂಜಿನಿಯರುಗಳು ಮಿಕ್ಸಿಂಗ್ ಎಂದು ಕರೆಯುವ ಆ ಕೊನೆಯ ಹದವೇ, ಕೃತಿಯ ಜೀವ. ಅದನ್ನು ಬದಲಿಸುವುದೆಂದರೆ ಚಿತ್ರದ ಚೌಕಟ್ಟನ್ನು ಬದಲಿಸಿದಂತಲ್ಲ. ಚಿತ್ರದ ಮೇಲೆಯೇ ಮತ್ತೊಮ್ಮೆ ಕುಂಚವಾಡಿಸಿದಂತೆ.

ನನಗೆ ಈ ಧ್ವನಿಮುದ್ರಿಕೆಯ ಪರಿಚಯವಾದದ್ದು ಪೋನ ದೆಸೆಯಿಂದ. ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಅವರ ಅಣ್ಣ ಇಂಗ್ಲೆಂಡಿನಲ್ಲಿದ್ದರು. ಊರಿಗೆ ಬಂದಾಗಲೆಲ್ಲ ನಾಲ್ಕಾರು ಎಲ್.ಪಿ.ಗಳನ್ನು ತರುವರು. ಎಪ್ಪತ್ತರ ದಶಕದ ಕೊನೆಯಲ್ಲೊಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನನ್ನು ಮನೆಗೆ ಕರೆದೊಯ್ದು, "ಮೇಷ್ಟ್ರೇ, ನಿಮ್ಮ ಪೋ ಇಲ್ಲಿ ಸಿಕ್ಕಿದ್ದಾನೆ, ಕೇಳಿ" ಎಂದು ಈ ತಟ್ಟೆಯನ್ನು ಇಟ್ಟರು. ರಾಕ್ ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ನಾನು ಮಾತಿಲ್ಲದೆ ಕುಳಿತೆ. ಅಷರ್ ಮನೆತನದ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಓದಿ ಹೇಳಿದ್ದೆ. ಮಳೆಗುಡುಗುಗಳ ನಡುವೆ ಒಂದೊಂದೇ ವಾದ್ಯ ಎದ್ದು ಬರುವ ಆ ರಚನೆಯನ್ನು ಕೇಳಿದ ಮೇಲೆ, ಆ ಪಾಳುಮನೆಯ ಮೌನವನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ ಎನ್ನಿಸಿತು. ಅನಂತರ ಎಷ್ಟೋ ಶನಿವಾರಗಳು ಹಾಗೆಯೇ ಕಳೆದವು.

ಡಿಜಿಟಲ್ ಎಂಬ ಪದದ ಅರ್ಥವನ್ನು ನನಗೆ ತಿಳಿಸಿಕೊಟ್ಟವರೂ ಅವರೇ. ಶಬ್ದವು ಗಾಳಿಯಲ್ಲಿ ಏಳುವ ಅಲೆ. ಟೇಪಿನ ಮೇಲೆ ಆ ಅಲೆಯ ಪ್ರತಿರೂಪವನ್ನು ಕಾಂತಶಕ್ತಿಯ ಏರಿಳಿತವಾಗಿ ಬರೆದರೆ ಅದು ಹಳೆಯ ಅನಲಾಗ್ ಪದ್ಧತಿ. ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆದು, ಅಳತೆಯನ್ನು ಅಂಕಿಯಾಗಿ ಬರೆದಿಟ್ಟರೆ ಅದು ಡಿಜಿಟಲ್. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಸಲ ಹೀಗೆ ಅಳೆಯುತ್ತಾರೆ. ಒಂದೊಂದು ಅಳತೆಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದರ ಮೇಲೆ ಕೂರುತ್ತದೆ. ಮನುಷ್ಯನ ಕಿವಿಗೆ ಕೇಳುವ ಮೇಲ್ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲದ ಅಲೆಯನ್ನು ಮರಳಿ ಕಟ್ಟಬಹುದೆಂಬುದು ಗಣಿತ. 44,100 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆರಂಭಕಾಲದಲ್ಲಿ ಈ ಅಂಕಿಗಳನ್ನು ವಿಡಿಯೋ ಟೇಪಿನ ಮೇಲೆ ಬರೆದಿಡುತ್ತಿದ್ದುದರಿಂದ. ದೂರದರ್ಶನದ ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಮೂರು ಅಳತೆಗಳನ್ನು ತುಂಬಿದರೆ ಆ ಲೆಕ್ಕ ಕೂಡಿಬರುತ್ತದೆ.

ಇದು ಒಂದೇ ರಾತ್ರಿಯಲ್ಲಿ ಬಂದ ವಿದ್ಯೆಯಲ್ಲ. ಶಬ್ದವನ್ನು ಅಂಕಿಗಳಾಗಿ ಬರೆಯುವ ಉಪಾಯವನ್ನು ಅಲೆಕ್ ರೀವ್ಸ್ ಎಂಬ ಎಂಜಿನಿಯರ್ 1937ರಷ್ಟು ಹಿಂದೆಯೇ ದೂರವಾಣಿಗಾಗಿ ಯೋಚಿಸಿದ್ದ. ಜಪಾನಿನ ಡೆನಾನ್ ಸಂಸ್ಥೆ 1972ರಲ್ಲಿ ಎಂಟು ಟ್ರ್ಯಾಕುಗಳ ಡಿಜಿಟಲ್ ಮುದ್ರಣಯಂತ್ರವನ್ನು ಬಳಕೆಗೆ ತಂದಿತು. ಪಾರ್ಸನ್ಸನ ಕೃತಿ ಹೊರಬಂದ 1976ರಲ್ಲಿಯೇ ಅಮೆರಿಕದ ಥಾಮಸ್ ಸ್ಟಾಕ್‌ಹ್ಯಾಮ್ ತನ್ನ ಸೌಂಡ್‌ಸ್ಟ್ರೀಮ್ ಯಂತ್ರದಿಂದ ಸಾಂತಾ ಫೆಯಲ್ಲಿ ಒಂದು ಒಪೆರಾವನ್ನು ಮುದ್ರಿಸಿದ. 1979ರಲ್ಲಿ ಬಂದ ರೈ ಕೂಡರನ 'ಬಾಪ್ ಟಿಲ್ ಯೂ ಡ್ರಾಪ್' ದೊಡ್ಡ ಸಂಸ್ಥೆಯೊಂದು ಹೊರತಂದ ಮೊದಲ ಡಿಜಿಟಲ್ ರಾಕ್ ಧ್ವನಿಮುದ್ರಿಕೆಯೆಂದು ಹೆಸರಾಯಿತು. ಅದನ್ನು ಮುದ್ರಿಸಿದ್ದು 3ಎಂ ಸಂಸ್ಥೆಯ ಯಂತ್ರ. 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಕಾಂಪ್ಯಾಕ್ಟ್ ಡಿಸ್ಕ್ ಬಂತು.

ಈ ವಿದ್ಯೆಯ ನಿಜವಾದ ಹಿರಿಮೆ ಎಲ್ಲಿದೆ? "ಸೂಜಿಯ ಸದ್ದಿಲ್ಲ, ಟೇಪಿನ ಬುಸುಗುಟ್ಟುವಿಕೆ ಇಲ್ಲ" ಎಂದು ಮಾರುವವರು ಹೇಳಿದರು. ಅದು ಸಣ್ಣ ಸಂಗತಿ. ದೊಡ್ಡ ಸಂಗತಿ ಬೇರೆ. ಅನಲಾಗ್ ಟೇಪಿನಿಂದ ಇನ್ನೊಂದು ಟೇಪಿಗೆ ಇಳಿಸಿದಾಗಲೆಲ್ಲ ಸ್ವಲ್ಪ ಮಾಸುತ್ತದೆ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಇಳಿದಷ್ಟೂ ಮಂಕಾಗುತ್ತದೆ. ತಾಳೆಗರಿಯ ಓಲೆಯನ್ನು ಒಬ್ಬ ಲಿಪಿಕಾರನಿಂದ ಇನ್ನೊಬ್ಬ ಲಿಪಿಕಾರ ನಕಲು ಮಾಡುವಾಗ ತಪ್ಪುಗಳು ಸೇರುತ್ತಾ ಹೋಗುತ್ತವಲ್ಲ, ಹಾಗೆ. ಅಂಕಿಗಳಿಗೆ ಈ ಶಾಪವಿಲ್ಲ. ಸರಿಯಾಗಿ ನಕಲು ಮಾಡಿದರೆ ನೂರನೆಯ ಪ್ರತಿಯೂ ಮೊದಲನೆಯದೇ. ಮೂಲಪಾಠವನ್ನು ಅಕ್ಷರ ಕೆಡದಂತೆ ಕಾಪಾಡುವ ಸಾಧನ ಮನುಷ್ಯನ ಕೈಗೆ ಸಿಕ್ಕಿತು. ಡಿಜಿಟಲ್ ಎಂದರೆ ನನ್ನ ಪಾಲಿಗೆ ಇದು. ಆದಕಾರಣ, ಸಂಗೀತವನ್ನು ಅದು ಕೊಂದಿತೆಂಬ ಮಾತನ್ನು ನಾನು ಒಪ್ಪಲಾರೆ.

ಮೊದಮೊದಲ ಸಿ.ಡಿ.ಗಳು ಒರಟಾಗಿ ಕೇಳುತ್ತಿದ್ದುದು ಸುಳ್ಳಲ್ಲ. ಆರಂಭದ ಪರಿವರ್ತಕಗಳಲ್ಲಿಯೂ ಸೋಸುಕಗಳಲ್ಲಿಯೂ ದೋಷಗಳಿದ್ದವು. ಅದಕ್ಕಿಂತ ದೊಡ್ಡ ಕಾರಣವೆಂದರೆ, ಎಷ್ಟೋ ಸಂಸ್ಥೆಗಳು ಮೊದಲ ಟೇಪನ್ನು ಹುಡುಕುವ ಶ್ರಮ ತೆಗೆದುಕೊಳ್ಳದೆ, ಎಲ್.ಪಿ. ತಟ್ಟೆ ಕೊರೆಯಲೆಂದು ಹದಗೊಳಿಸಿದ್ದ ಮೂರನೆಯ ನಾಲ್ಕನೆಯ ಪ್ರತಿಯಿಂದಲೇ ಸಿ.ಡಿ. ಮಾಡಿ ಮಾರಿದವು. ಹರಿದ ಪ್ರತಿಯನ್ನು ಕೊಟ್ಟು ಅಚ್ಚುಮಾಡಿಸಿ ಅಚ್ಚುಕೂಟವನ್ನು ಬೈಯುವುದು ಯಾವ ನ್ಯಾಯ?

ಈಗ 1987ಕ್ಕೆ ಬರೋಣ. 'ಟೇಲ್ಸ್' ಕೃತಿಯನ್ನು ಸಿ.ಡಿ.ಯಾಗಿ ಹೊರತರುವ ಸಂದರ್ಭ ಒದಗಿತು. ಬಹು ಟ್ರ್ಯಾಕುಗಳ ಮೂಲ ಟೇಪುಗಳಿದ್ದವು, ಹದ ಮಾಡಿದವನೇ ಜೀವಂತವಾಗಿದ್ದ, ಕಾಪಾಡುವ ಯಂತ್ರವೂ ಸಿದ್ಧವಾಗಿತ್ತು. ಆದರೆ ಪಾರ್ಸನ್ಸ್ ಮಾಡಿದ್ದೇನು? ಇಡೀ ಕೃತಿಯನ್ನು ಹೊಸದಾಗಿ ಮಿಕ್ಸ್ ಮಾಡಿದ. ಮೊದಲಿರದ ಗಿಟಾರ್ ವಾದನ ಸೇರಿತು. ಡ್ರಮ್ಮುಗಳಿಗೂ ದನಿಗಳಿಗೂ ದಟ್ಟವಾದ ಅನುರಣನವನ್ನು ಬಳಿದದ್ದಾಯಿತು. ಮೊದಲ ರಚನೆಗೂ ಅಷರ್ ಮನೆತನದ ರಚನೆಗೂ ಮುಂಚೆ ಪ್ರಸಿದ್ಧ ನಟ, ನಿರ್ದೇಶಕ ಆರ್ಸನ್ ವೆಲ್ಸ್‌ನ ಗಂಭೀರ ವಾಚನ ಬಂದು ಕುಳಿತಿತು. 1976ರ ಎಲ್.ಪಿ.ಯಲ್ಲಿ ವೆಲ್ಸ್‌ನ ಒಂದು ಮಾತೂ ಇರಲಿಲ್ಲ.

ಆ ಅನುರಣನದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಲದ ಮುದ್ರೆ ಬಿದ್ದಿರುವುದು ಅದರಲ್ಲೇ. ಒಂದು ದೊಡ್ಡ ಹಜಾರದಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಗಳಿಗೆ ತಾಗಿ ಮೆಲ್ಲಗೆ ಇಳಿಯುತ್ತದೆ. ಹಿಂದೆ ಇದಕ್ಕಾಗಿ ನಿಜವಾದ ಕೋಣೆಗಳನ್ನೂ ಉಕ್ಕಿನ ತಗಡುಗಳನ್ನೂ ಬಳಸುತ್ತಿದ್ದರು. 1976ರ ಇ.ಎಂ.ಟಿ. 250, 1978ರ ಲೆಕ್ಸಿಕಾನ್ 224 ಮುಂತಾದ ಡಿಜಿಟಲ್ ಉಪಕರಣಗಳು ಬಂದ ಮೇಲೆ, ಇಲ್ಲದ ಹಜಾರವನ್ನು ಗುಂಡಿಯೊತ್ತಿ ಸೃಷ್ಟಿಸುವುದು ಸಾಧ್ಯವಾಯಿತು. ಇದರ ಜೊತೆಗೆ ಇನ್ನೊಂದು ಬಗೆ ಹುಟ್ಟಿತು. ಪೀಟರ್ ಗೇಬ್ರಿಯಲ್ಲನ 1980ರ ಧ್ವನಿಮುದ್ರಿಕೆಯಲ್ಲಿ ಎಂಜಿನಿಯರ್ ಹ್ಯೂ ಪ್ಯಾಡ್ಯಮ್ ಮತ್ತು ಡ್ರಮ್ ವಾದಕ ಫಿಲ್ ಕಾಲಿನ್ಸ್ ಸೇರಿ ಡ್ರಮ್ಮಿನ ಅನುರಣನವನ್ನು ಭಾರಿಯಾಗಿ ಹಿಗ್ಗಿಸಿ, ಅದು ಇಳಿಯುವ ಮೊದಲೇ ಬಾಗಿಲು ಮುಚ್ಚಿದಂತೆ ತಟ್ಟನೆ ಕತ್ತರಿಸಿದರು. ಗೇಟೆಡ್ ರಿವರ್ಬ್ ಎಂಬ ಹೆಸರಿನ ಆ ಸದ್ದು ಅಲ್ಲಿ ಹೊಸತು, ಅಲ್ಲಿಗೆ ತಕ್ಕದ್ದು. ಮುಂದಿನ ಏಳೆಂಟು ವರ್ಷಗಳಲ್ಲಿ ಅದು ಎಲ್ಲೆಲ್ಲಿಯೂ ಹರಡಿ, ಕೇಳಿದೊಡನೆ "ಎಂಬತ್ತರ ದಶಕ" ಎಂದು ಹೇಳಬಹುದಾದ ಗುರುತಾಯಿತು. 1976ರ 'ಟೇಲ್ಸ್'ನಲ್ಲಿ ಡ್ರಮ್ಮಿನ ಪೆಟ್ಟು ಒಣಗಿದ ಕಟ್ಟಿಗೆಯ ಮೇಲೆ ಬಿದ್ದಂತೆ ಹತ್ತಿರವಾಗಿ, ಚಿಕ್ಕದಾಗಿ ಕೇಳುತ್ತದೆ. ಅದರ ಸುತ್ತ ಜಾಗವಿದೆ. 1987ರದರಲ್ಲಿ ಆ ಜಾಗವನ್ನೆಲ್ಲ ಸದ್ದಿನ ಬಾಲ ತುಂಬಿದೆ.

ತಮಾಷೆಯೆಂದರೆ, ಕೃತಿಯನ್ನು "ಹೊಸಕಾಲಕ್ಕೆ" ತರಲೆಂದು ಮಾಡಿದ ಈ ಕೆಲಸದಿಂದಲೇ ಅದಕ್ಕೆ ಮುಪ್ಪು ಬಂತು. 1976ರ ಮಿಶ್ರಣವನ್ನು ಇಂದು ಕೇಳಿದರೆ ಯಾವ ವರ್ಷದ್ದೆಂದು ಥಟ್ಟನೆ ಹೇಳಲು ಕಷ್ಟ. 1987ರದನ್ನು ಕೇಳಿದರೆ ಮೊದಲ ನಿಮಿಷಗಳಲ್ಲೇ ಹೇಳಬಹುದು. ಕಾಲಕ್ಕೆ ಸೊಪ್ಪು ಹಾಕಿದ ಕೃತಿಯನ್ನು ಕಾಲವೇ ಮೊದಲು ಮೇಯುತ್ತದೆ.

ಎದುರುಪಕ್ಷದ ವಾದಗಳನ್ನೂ ನ್ಯಾಯವಾಗಿ ಮುಂದಿಡುತ್ತೇನೆ. ಒಂದು, ಪಾರ್ಸನ್ಸ್ ಪರಕೀಯನಲ್ಲ, ಕೃತಿ ಅವನದೇ. ಎರಡು, ವೆಲ್ಸ್‌ನ ವಾಚನ ಎಲ್ಲಿಂದಲೋ ಕದ್ದು ತಂದದ್ದಲ್ಲ. ಈ ಕೃತಿಗೆಂದೇ ಆತ ಮಾಡಿದ್ದು, ಎಲ್.ಪಿ. ಸಿದ್ಧವಾದ ಮೇಲೆ ಕೈಸೇರಿದ್ದರಿಂದ ಆಗ ಬಳಕೆಯಾಗಿರಲಿಲ್ಲ. 1985ರಲ್ಲಿ ತೀರಿಕೊಂಡ ಆ ಮಹಾನ್ ಕಲಾವಿದನ ಧ್ವನಿಯನ್ನು ಪೆಟ್ಟಿಗೆಯಲ್ಲಿ ಕೊಳೆಯಲು ಬಿಡಬೇಕಿತ್ತೇ? ಮೂರು, ಅದು ಮರುಮಿಶ್ರಣವೆಂಬುದು ಗುಟ್ಟಿನ ವಿಷಯವೂ ಆಗಿರಲಿಲ್ಲ. ಈ ಮೂರನ್ನೂ ನಾನು ಒಪ್ಪುತ್ತೇನೆ. ವೆಲ್ಸ್‌ನ ದನಿ ಕೇಳಲು ಸೊಗಸಾಗಿಯೂ ಇದೆ.

ನನ್ನ ಆಕ್ಷೇಪ ತಿದ್ದಿದ್ದರ ಮೇಲಲ್ಲ. ತಿದ್ದಿದ್ದನ್ನು ಇಟ್ಟು ಮೊದಲಿನದನ್ನು ಎತ್ತಿಬಿಟ್ಟದ್ದರ ಮೇಲೆ. ಅದೇ ಹೆಸರಿನಲ್ಲಿ, ಚೊಚ್ಚಲ ಕೃತಿಯೆಂಬ ಅದೇ ಸ್ಥಾನದಲ್ಲಿ ಹೊಸದೊಂದು ಬಂದು ಕುಳಿತಿತು. 1994ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆ 1976ರ ಮಿಶ್ರಣವನ್ನು ಸಿ.ಡಿ.ಯಾಗಿ ತರುವವರೆಗೆ, ಹೊಸ ಮಾಧ್ಯಮದಲ್ಲಿ ಕೇಳುವವನಿಗೆ ಮೊದಲ ಕೃತಿ ದಕ್ಕಲಿಲ್ಲ. ಅದೇ ಅವಧಿಯಲ್ಲಿ ಎಲ್.ಪಿ. ತಟ್ಟೆಗಳು ಅಂಗಡಿಗಳಿಂದ ಮಾಯವಾಗುತ್ತಿದ್ದವು. ಎರಡೂ ಮಿಶ್ರಣಗಳು ಒಂದೇ ಹೊದಿಕೆಯಲ್ಲಿ ಸಿಗಲು 2007 ಬರಬೇಕಾಯಿತು.

"ಇಪ್ಪತ್ತು ವರ್ಷ ಕಾದರೆ ಏನಾಯಿತು?" ಎನ್ನುವವರಿಗೆ ನನ್ನ ಗೆಳೆಯರ ಕಥೆಯನ್ನು ಹೇಳುತ್ತೇನೆ. ತೊಂಬತ್ತರ ದಶಕದ ಆರಂಭದಲ್ಲಿ ಅಣ್ಣ ಅವರಿಗೊಂದು ಸಿ.ಡಿ. ಯಂತ್ರವನ್ನೂ ಹತ್ತಾರು ಸಿ.ಡಿ.ಗಳನ್ನೂ ತಂದುಕೊಟ್ಟರು. ವಿಜ್ಞಾನದ ಮೇಷ್ಟ್ರಲ್ಲವೇ, ಅಂಕಿಗಳ ಮೇಲೆ ಅವರಿಗೆ ಪೂರ್ಣ ನಂಬಿಕೆ. ಬಾಡಿಗೆ ಮನೆ ಬದಲಿಸುವಾಗ, "ಇನ್ನು ಈ ತಟ್ಟೆಗಳ ಭಾರ ಏಕೆ?" ಎಂದು ಎಲ್.ಪಿ.ಗಳನ್ನೆಲ್ಲ ಹಂಚಿಬಿಟ್ಟರು. 'ಟೇಲ್ಸ್' ತಟ್ಟೆ ಯಾರ ಕೈಗೆ ಹೋಯಿತೆಂದು ಅವರಿಗೂ ನೆನಪಿರಲಿಲ್ಲ. ಹೊಸ ಮನೆಯಲ್ಲಿ ಮೊದಲ ಶನಿವಾರ ನಾವಿಬ್ಬರೂ ಸಿ.ಡಿ. ಹಾಕಿಕೊಂಡು ಕುಳಿತೆವು. ಮೊದಲಿಗೇ ಅಪರಿಚಿತನೊಬ್ಬನ ದನಿ ಮಾತನಾಡತೊಡಗಿತು. ಬೇರೆ ಡಿಸ್ಕೇನಾದರೂ ಬಂತೇ ಎಂದು ಅವರು ಎದ್ದು ಹೋಗಿ ಹೊದಿಕೆಯನ್ನು ನೋಡಿದರು. ಅಷರ್ ರಚನೆ ಮುಗಿಯುವವರೆಗೂ ಏನೂ ಮಾತನಾಡಲಿಲ್ಲ. ಆಮೇಲೆ, "ಮೇಷ್ಟ್ರೇ, ಅಂಕಿ ತಪ್ಪಿಲ್ಲ. ಇದು ಬೇರೆ ಲೆಕ್ಕ" ಎಂದರು. ಅವರು 2003ರಲ್ಲಿ ತೀರಿಕೊಂಡರು. ನಾವು ಎಪ್ಪತ್ತರ ದಶಕದಲ್ಲಿ ಕೇಳಿದ್ದನ್ನು ಅವರು ಮತ್ತೊಮ್ಮೆ ಕೇಳಲಿಲ್ಲ. ನಾನು ಕೇಳಿದೆ, ಒಬ್ಬನೇ.

ಕೃತಿಕಾರನ ಹಕ್ಕಿನ ಮಾತಿಗೆ ಮರಳೋಣ. ಕವಿಗಳು ತಿದ್ದುವುದು ಹೊಸತಲ್ಲ. ವರ್ಡ್ಸ್‌ವರ್ತ್ ತನ್ನ 'ದ ಪ್ರಿಲ್ಯೂಡ್' ಕಾವ್ಯವನ್ನು 1805ರಲ್ಲಿ ಮುಗಿಸಿ, ಅನಂತರ ಜೀವಮಾನವೆಲ್ಲ ತಿದ್ದಿದ. ಅವನು ತೀರಿಕೊಂಡ 1850ರಲ್ಲಿ ತಿದ್ದಿದ ಪಾಠ ಅಚ್ಚಾಯಿತು. 1805ರ ಪಾಠವನ್ನು ವಿದ್ವಾಂಸರು 1926ರಲ್ಲಿ ಪ್ರಕಟಿಸಿದ ಮೇಲೆ, ಅದೇ ಹೆಚ್ಚು ಜೀವಂತವೆಂದು ಹೇಳುವವರ ಸಂಖ್ಯೆ ಕಡಿಮೆಯೇನಲ್ಲ. ಮುದುಕನಾದ ಕವಿ ತರುಣನಾದ ಕವಿಗಿಂತ ಒಳ್ಳೆಯ ತೀರ್ಪುಗಾರನೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಮ್ಮ ಗ್ರಂಥಸಂಪಾದನ ಶಾಸ್ತ್ರದಲ್ಲಿಯೂ ಸಂಪಾದಕನು ಒಂದು ಪಾಠವನ್ನು ಮೇಲೆ ಸ್ವೀಕರಿಸುತ್ತಾನೆ. ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ತನಗೆ ಹಿಡಿಸದ ಪಾಠವನ್ನು ಸುಟ್ಟುಹಾಕುವವನನ್ನು ನಾವು ಸಂಪಾದಕನೆಂದು ಕರೆಯುವುದಿಲ್ಲ.

ಅದಿರಲಿ, ಚೊಚ್ಚಲ ಕೃತಿ ಪೂರ್ತಿಯಾಗಿ ಕರ್ತೃವಿನದೇ ಎನ್ನುವುದೂ ನಿಜವಲ್ಲ. 'ಟೇಲ್ಸ್'ನ ಹದವನ್ನು ಪಾರ್ಸನ್ಸ್ ಮಾಡಿದ್ದರೂ ಅದರಲ್ಲಿ ಇಯಾನ್ ಬೇರ್ನ್‌ಸನ್ನನ ಗಿಟಾರಿದೆ, ಸ್ಟುವರ್ಟ್ ಟಾಷ್‌ನ ಡ್ರಮ್ಮಿದೆ, ಪವೆಲ್ಲನ ವಾದ್ಯವೃಂದವಿದೆ. ಅವರೆಲ್ಲರ ಅಂದಿನ ಶ್ರಮ ಅಂದಿನ ರೂಪದಲ್ಲಿ ನಿಂತಿದೆ. ಹನ್ನೊಂದು ವರ್ಷ ಅದನ್ನು ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡವರ ಪಾಲೂ ಅದರಲ್ಲಿದೆ. ಮಗನಿಗೆ ಹೆಸರಿಟ್ಟವನು ತಂದೆಯೇ ಇರಬಹುದು. ಹನ್ನೊಂದು ವರ್ಷದ ಮೇಲೆ ಆ ಹೆಸರನ್ನು ಬೇರೊಬ್ಬನಿಗೆ ಇಟ್ಟು, ಮೊದಲನೆಯವನು ಹುಟ್ಟಿಯೇ ಇರಲಿಲ್ಲವೆಂದರೆ ಊರು ಒಪ್ಪುವುದಿಲ್ಲ.

ಈ ತಪ್ಪು ಪಾರ್ಸನ್ಸ್ ಒಬ್ಬನದೂ ಅಲ್ಲ. ಅದು ಆ ದಶಕದ ಜ್ವರ. ಫ್ರ್ಯಾಂಕ್ ಜಪ್ಪಾ ಎಂಬತ್ತರ ದಶಕದ ನಡುವೆ ತನ್ನ ಅರವತ್ತರ ದಶಕದ ಎರಡು ಕೃತಿಗಳಲ್ಲಿ ಮೂಲದ ಡ್ರಮ್ ಮತ್ತು ಬಾಸ್ ವಾದನವನ್ನೇ ಅಳಿಸಿ ಹೊಸ ವಾದಕರಿಂದ ನುಡಿಸಿದ. ಅವುಗಳಲ್ಲಿ ಒಂದಾದ 'ವಿ ಆರ್ ಓನ್ಲಿ ಇನ್ ಇಟ್ ಫಾರ್ ದ ಮನಿ'ಯ ಮೊದಲ ರೂಪ ಸಿ.ಡಿ.ಯಲ್ಲಿ ಮರಳಿ ಬಂದದ್ದು 1995ರಲ್ಲಿ. ಜೀಜೀ ಟಾಪ್ ತಂಡದ ಎಪ್ಪತ್ತರ ದಶಕದ ಧ್ವನಿಮುದ್ರಿಕೆಗಳನ್ನು 1987ರಲ್ಲಿ ಎಂಬತ್ತರ ದಶಕದ ಡ್ರಮ್ ಸದ್ದಿನೊಡನೆ ಮರುಮಿಶ್ರಣ ಮಾಡಿ ಸಿ.ಡಿ.ಯಾಗಿ ಮಾರಿದರು, ಮೂಲವನ್ನು ಬಯಸಿದವರು ಬಹುಕಾಲ ಹಳೆಯ ತಟ್ಟೆಗಳನ್ನೇ ಹುಡುಕಬೇಕಾಯಿತು. ಮೂರು ಕಡೆಯೂ ಒಂದೇ ನಂಬಿಕೆ: ಯಂತ್ರ ಹೊಸದಾದರೆ ಕಿವಿಯೂ ಹೊಸದಾಗಬೇಕು, ಹೊಸ ಕಿವಿಗೆ ಹಳೆಯದು ಸಲ್ಲದು.

ಆ ಕಾಲದ ಸಿ.ಡಿ.ಗಳ ಮೇಲೆ ಮೂರು ಅಕ್ಷರಗಳ ಒಂದು ಸಂಕೇತ ಇರುತ್ತಿತ್ತು. ಮುದ್ರಣ, ಮಿಶ್ರಣ, ಅಂತಿಮ ಪ್ರತಿ ಈ ಮೂರು ಹಂತಗಳಲ್ಲಿ ಯಾವುದು ಅನಲಾಗ್, ಯಾವುದು ಡಿಜಿಟಲ್ ಎಂಬುದನ್ನು 'ಎ', 'ಡಿ' ಅಕ್ಷರಗಳಿಂದ ಸೂಚಿಸುತ್ತಿದ್ದರು. 'ಡಿ' ಹೆಚ್ಚಿದ್ದಷ್ಟೂ ಶ್ರೇಷ್ಠವೆಂದು ಕೊಳ್ಳುವವರು ನಂಬಿದರು. ಯಂತ್ರ ಯಾವುದೆಂದು ಪ್ರಾಮಾಣಿಕವಾಗಿ ತಿಳಿಸುವ ಈ ಸಂಕೇತ, ಯಂತ್ರದ ಮುಂದೆ ಕುಳಿತವನು ಏನು ಮಾಡಿದನೆಂದು ತಿಳಿಸುತ್ತಿರಲಿಲ್ಲ. ನಾವು ಕೇಳಬೇಕಾದದ್ದು ಅದನ್ನೇ.

ಸರಿಯಾಗಿ ಮಾಡುವುದು ಸಾಧ್ಯವೇ ಎಂದರೆ, ಸಾಧ್ಯ. ಇದೇ ಪರಂಪರೆಯ ಕಿಂಗ್ ಕ್ರಿಮ್ಸನ್ ತಂಡದ ಚೊಚ್ಚಲ ಕೃತಿ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' 1969ರದು. ಅದಕ್ಕೆ ನಲವತ್ತು ವರ್ಷ ತುಂಬಿದ 2009ರಲ್ಲಿ ಸ್ಟೀವನ್ ವಿಲ್ಸನ್, ತಂಡದ ರಾಬರ್ಟ್ ಫ್ರಿಪ್ಪನೊಡನೆ ಸೇರಿ, ಮೂಲ ಟೇಪುಗಳಿಂದ ಹೊಸ ಮಿಶ್ರಣವನ್ನು ಸಿದ್ಧಪಡಿಸಿದ. ಆದರೆ 1969ರ ಮಿಶ್ರಣವನ್ನೂ ಅದೇ ಆವೃತ್ತಿಯಲ್ಲಿ ಜೊತೆಗಿಟ್ಟರು. ಯಾವುದು ಹಳೆಯದು, ಯಾವುದು ಹೊಸದು ಎಂಬುದು ಹೊದಿಕೆಯ ಮೇಲೆಯೇ ಸ್ಪಷ್ಟ. ಕೇಳುವವನು ಎರಡನ್ನೂ ಕೇಳಿ ತನ್ನ ಮನಸ್ಸಿಗೆ ಬಂದದ್ದನ್ನು ಆರಿಸಿಕೊಳ್ಳಬಹುದು. ಬಳಸಿದ್ದು ಡಿಜಿಟಲ್ ಯಂತ್ರವನ್ನೇ, 1987ರಲ್ಲಿ ಇದ್ದುದಕ್ಕಿಂತ ಎಷ್ಟೋ ಪಾಲು ಬಲಶಾಲಿಯಾದುದನ್ನು. ವ್ಯತ್ಯಾಸ ಯಂತ್ರದಲ್ಲಿರಲಿಲ್ಲ; ಕೇಳುಗನನ್ನು ಎಷ್ಟು ಗೌರವದಿಂದ ಕಂಡರು ಎಂಬುದರಲ್ಲಿತ್ತು.

ಪೋನ ಕೃತಿಗಳಿಗೇ ಇಂಥ ಗತಿ ಬಂದದ್ದನ್ನು ನೆನೆದರೆ ವಿಷಾದವಾಗುತ್ತದೆ. ಅವನು 'ದ ರೇವನ್' ಕವಿತೆಯನ್ನು 1845ರಲ್ಲಿ ಪ್ರಕಟಿಸಿದ ಮೇಲೂ ಮತ್ತೆ ಮತ್ತೆ ತಿದ್ದಿದ. ಆದರೆ ಆ ರೂಪಗಳೆಲ್ಲವೂ ಉಳಿದಿವೆ, ವಿದ್ವಾಂಸರು ಸಾಲು ಸಾಲಾಗಿ ಹೋಲಿಸಿ ನೋಡುತ್ತಾರೆ. 1849ರಲ್ಲಿ ಅವನು ಸತ್ತ ಮೇಲೆ ಕೃತಿಗಳ ಸಂಪಾದನೆ ರೂಫಸ್ ಗ್ರಿಸ್ವಲ್ಡ್ ಎಂಬುವನ ಕೈಗೆ ಹೋಯಿತು. ಅವನು ಪೋನ ಪತ್ರಗಳನ್ನೇ ತಿರುಚಿದನೆಂಬುದು ಬಯಲಾಗಲು ದಶಕಗಳು ಬೇಕಾದವು. ಮೂಲಪತ್ರಗಳು ಉಳಿದಿದ್ದುದರಿಂದ ಮಾತ್ರ ಅದು ಬಯಲಾಯಿತು. ಪಾರ್ಸನ್ಸ್ ಗ್ರಿಸ್ವಲ್ಡನಲ್ಲ, ಅವನು ದ್ವೇಷದಿಂದ ಏನನ್ನೂ ಮಾಡಿದವನಲ್ಲ. ಆದರೂ ಮೂಲ ಉಳಿದಿರಬೇಕೆಂಬ ಪಾಠ ಎರಡು ಕಡೆಗೂ ಒಂದೇ.

'ದ ಕಾಸ್ಕ್ ಆಫ್ ಅಮಾಂಟಿಲಾಡೊ' ಕಥೆಯನ್ನು ಓದಿದವರಿಗೆ ನೆನಪಿರಬಹುದು. ಗೆಳೆಯನನ್ನು ನೆಲಮಾಳಿಗೆಗೆ ಕರೆದೊಯ್ದು, ಜೀವಂತವಾಗಿರುವಾಗಲೇ ಅವನ ಮುಂದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವ ಕಥೆ. ಆ ಕಥೆಯ ಮೇಲಿನ ಹಾಡೂ ಇರುವ ಧ್ವನಿಮುದ್ರಿಕೆಯನ್ನೇ ಅದರ ಕರ್ತೃ ಅನುರಣನದ ಗೋಡೆಯ ಹಿಂದೆ ಸೇರಿಸಿದ. ಗೋಡೆ ಒಡೆಯಲು ಸಾಧ್ಯವಾದದ್ದು 1976ರ ಟೇಪು ಹಾಳಾಗದೆ ಉಳಿದಿದ್ದುದರಿಂದ.

ಈಗ ನಾವು ತಟ್ಟೆಯನ್ನೂ ಕೊಳ್ಳುವುದಿಲ್ಲ, ಡಿಸ್ಕನ್ನೂ ಕೊಳ್ಳುವುದಿಲ್ಲ. ಅಂತರಜಾಲದಿಂದ ಹರಿದು ಬರುವುದನ್ನು ಕೇಳುತ್ತೇವೆ. ಅಪಾಯ ಇನ್ನೂ ಹೆಚ್ಚಿದೆ. ನನ್ನ ಗೆಳೆಯರ ತಟ್ಟೆ ಇನ್ನೊಬ್ಬರ ಮನೆಯಲ್ಲಾದರೂ ಉಳಿದಿರಬಹುದು. ಹರಿದು ಬರುವ ಹಾಡನ್ನು ಒಂದು ರಾತ್ರಿಯಲ್ಲಿ ಬದಲಿಸಿದರೆ, ಹಳೆಯ ಪ್ರತಿ ಕೇಳುಗರಲ್ಲಿ ಯಾರ ಮನೆಯಲ್ಲಿಯೂ ಇರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಮೂರು. ಮೊದಲ ರೂಪವನ್ನು ಎಂದಿಗೂ ಹಿಂತೆಗೆದುಕೊಳ್ಳಬಾರದು. ತಿದ್ದಿದ್ದಕ್ಕೆ ತಿದ್ದಿದ್ದೆಂದು, ತಿದ್ದಿದ ವರ್ಷದೊಡನೆ, ಹೆಸರಿನ ಪಕ್ಕದಲ್ಲಿಯೇ ಬರೆಯಬೇಕು. ಏನನ್ನು ಸೇರಿಸಿದರು, ಏನನ್ನು ಕಳೆದರು ಎಂಬುದನ್ನು ಕೇಳುಗನಿಗೆ ತಿಳಿಸಬೇಕು. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಅಂಕಿಗಳು ಕೆಡದೆ ಉಳಿಯುತ್ತವೆ; ಉಳಿಸುವ ಮನಸ್ಸು ಬೇಕು ಅಷ್ಟೆ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ತಟ್ಟೆಗಳಿದ್ದರೆ, ಅದೇ ಹೆಸರಿನ ಹೊಸ ಪ್ರತಿ ಸಿಕ್ಕಿತೆಂದು ಅವುಗಳನ್ನು ಕೊಟ್ಟುಬಿಡಬೇಡಿ. ಮೊದಲು ಎರಡನ್ನೂ ಒಟ್ಟಿಗೆ ಕೇಳಿ ನೋಡಿ.